ಹೊಸ ನೆಲಕ್ಕೆ ಮುಂಚೆ ಹಳೆ ನೆಲದ ಲೆಕ್ಕ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಒಂದು ಸಂಘದ ಸದಸ್ಯೆಯರು ಮಾಡಿದ ಭಾಷಣದ ಪಠ್ಯ)



ಇವತ್ತಿನ ಸಭೆಯಲ್ಲಿ ಮನೆ ದುರಸ್ತಿಯ ಬಗ್ಗೆ ಮಾತಾಡಬೇಕು ಅಂತ ನಮ್ಮ ಸಂಘಕ್ಕೆ ತಿಳಿಸಿದ್ದರು. ಮನೆ ದುರಸ್ತಿ ಅಂದರೆ ಸೂರು, ಗೋಡೆ, ಬಾಗಿಲು ಎಲ್ಲವೂ ಬರುತ್ತದೆ. ಅಷ್ಟೆಲ್ಲ ಹೇಳುವ ವಿದ್ಯೆ ನಮಗಿಲ್ಲ. ಒಂದೇ ನೆಲವನ್ನು ಎರಡು ಸಲ ಹಾಕಿಸಿ, ಎರಡು ಸಲ ದುಡ್ಡು ಕೊಟ್ಟ ಅನುಭವ ಮಾತ್ರ ಇದೆ. ಆ ಅನುಭವವನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇವೆ. ನಮ್ಮ ತಪ್ಪು ನಿಮಗೆ ಪಾಠವಾದರೆ ಅದೇ ಲಾಭ.

ನಡೆದ ಸಂಗತಿ

ನಮ್ಮ ಸಂಘದ ಒಬ್ಬ ಅಕ್ಕನದು ಹಂಚಿನ ಮನೆ. ನಡುಮನೆಗೂ ಅಡುಗೆಮನೆಗೂ ಹಳೆಯ ಸಿಮೆಂಟಿನ ನೆಲ. ಅದು ಅಲ್ಲಲ್ಲಿ ಬಿರುಕು ಬಿಟ್ಟಾಗ, ಮೇಲೆ ಗಮ್ಮು ಬಳಿದು ಪ್ಲಾಸ್ಟಿಕ್ ಮ್ಯಾಟ್ ಅಂಟಿಸಿದ್ದರು. ಹತ್ತು ವರ್ಷ ಆದ ಮೇಲೆ ಮ್ಯಾಟ್ ಸವೆದು ಅಂಚು ಎದ್ದಿತು. ಮಗಳ ಮದುವೆಯ ಮಾತುಕತೆ ಬಂತು. ಟೈಲ್ಸ್ ಹಾಕಿಸಬೇಕು ಅಂತ ಅಕ್ಕ ಸಂಘದಲ್ಲಿ ಸಾಲ ಕೇಳಿದರು.

ನಾವು ಟೈಲ್ಸಿನ ದರ ಕೇಳಿದೆವು, ಮೇಸ್ತ್ರಿಯ ಕೂಲಿ ಕೇಳಿದೆವು, ತಿಂಗಳ ಕಂತು ಎಷ್ಟು ಅಂತ ಬರೆದೆವು. ಠರಾವು ಮಾಡಿ ಆಂತರಿಕ ಸಾಲ ಕೊಟ್ಟೆವು. ಹಳೆ ನೆಲವನ್ನು ಏನು ಮಾಡುತ್ತೀರಿ ಅಂತ ಹದಿನೈದು ಜನರಲ್ಲಿ ಒಬ್ಬರೂ ಕೇಳಲಿಲ್ಲ.

ಮೇಸ್ತ್ರಿ ಮಾತ್ರ ಕೇಳಿದ್ದರು. ‘ಅಕ್ಕಾ, ಮ್ಯಾಟ್ ಕೀಳಬಹುದು, ಅಡಿಯ ಗಮ್ಮು ಹೋಗಲ್ಲ. ಅದನ್ನ ಕೆರೆಯೋಕೇ ಎರಡು ದಿನ ಬೇಕು. ಆ ಕೂಲಿ ಲೆಕ್ಕದಲ್ಲಿ ಇದೆಯಾ?’ ಅಂದರಂತೆ. ‘ಅಯ್ಯೋ, ಮುಂದಿನ ವಾರ ನೆಂಟರು ಬರ್ತಾರೆ. ಎರಡೇ ದಿನದಲ್ಲಿ ಮುಗಿಸಿಬಿಡಿ’ ಅಂದವರು ನಾವೇ. ಮ್ಯಾಟ್ ಎಳೆದು ಬಿಸಾಡಿ, ಗಮ್ಮಿನ ಮೇಲೇ ಸಿಮೆಂಟ್ ಕಲಸಿ ಟೈಲ್ಸ್ ಕೂರಿಸಿದರು. ಮನೆ ಕನ್ನಡಿಯ ಹಾಗೆ ಹೊಳೆಯಿತು. ನೆಂಟರು ಮೆಚ್ಚಿದರು.

ಒಂದು ಮಳೆಗಾಲ ಕಳೆಯಿತು. ಒಂದು ರಾತ್ರಿ ನಡುಮನೆಯಲ್ಲಿ ಟಪ್ ಅಂತ ಶಬ್ದ. ಬೆಳಗ್ಗೆ ನೋಡಿದರೆ ಎರಡು ಟೈಲ್ಸ್ ಎದ್ದು ಡೇರೆಯ ಹಾಗೆ ಒಂದಕ್ಕೊಂದು ಒರಗಿ ನಿಂತಿದ್ದವು. ತಿಂಗಳೊಳಗೆ ನಡೆದಲ್ಲೆಲ್ಲ ಡಬ್ ಡಬ್ ಅನ್ನತೊಡಗಿತು. ಎದ್ದಿದ್ದ ಒಂದು ಅಂಚಿಗೆ ಅಕ್ಕನ ಅತ್ತೆ ಎಡವಿ ಬಿದ್ದು ಕೈ ಮುರಿಯಿತು. ಸಾಲದ ಎಂಟು ಕಂತು ಇನ್ನೂ ಬಾಕಿ ಇತ್ತು. ಮುರಿದ ನೆಲಕ್ಕೆ ಕಂತು ಕಟ್ಟುತ್ತಲೇ ಅಕ್ಕ ಹೊಸ ನೆಲಕ್ಕೆ ಮತ್ತೆ ಸಾಲ ಕೇಳಬೇಕಾಯಿತು.

ಆಗ ನಾವು ಮೇಸ್ತ್ರಿಯನ್ನು ಬೈಯಲು ಹೊರಟಿದ್ದೆವು. ಅವರು ಏಳು ತಿಂಗಳ ಹಿಂದೆ ಕೇಳಿದ್ದ ಮಾತನ್ನು ನೆನಪಿಸಿದರು. ಬೈಯಲು ಬಾಯಿ ಬರಲಿಲ್ಲ.

ಟೈಲ್ಸ್ ಏಕೆ ಎದ್ದಿತು?

ಸಿಮೆಂಟ್ ಗಾರೆ ಹಿಡಿದುಕೊಳ್ಳಬೇಕಾದರೆ ಅಡಿಯ ನೆಲಕ್ಕೆ ಸಣ್ಣ ಸಣ್ಣ ರಂಧ್ರವೂ ಒರಟುತನವೂ ಇರಬೇಕು. ಹಸಿ ಸಿಮೆಂಟ್ ಆ ರಂಧ್ರಗಳಿಗೆ ಇಳಿದು ಗಟ್ಟಿಯಾದಾಗ ಬೇರು ಬಿಟ್ಟ ಹಾಗೆ ಹಿಡಿದುಕೊಳ್ಳುತ್ತದೆ. ಗಮ್ಮು ಆ ರಂಧ್ರಗಳನ್ನೆಲ್ಲ ಮುಚ್ಚಿಬಿಟ್ಟಿರುತ್ತದೆ. ಎಣ್ಣೆ ಸವರಿದ ದೋಸೆಕಲ್ಲಿನಿಂದ ದೋಸೆ ಏಳುವುದು ನಮಗೆಲ್ಲ ಗೊತ್ತು. ಇಲ್ಲಿ ಆದದ್ದೂ ಅದೇ.

ಇನ್ನೊಂದು ಕಾರಣವೂ ಇದೆ. ರಬ್ಬರಿನ ಜಾತಿಯ ಗಮ್ಮು ಎಷ್ಟು ವರ್ಷವಾದರೂ ಸ್ವಲ್ಪ ಮೆತ್ತಗೇ ಇರುತ್ತದೆ. ಮೇಲಿರುವ ಟೈಲ್ಸ್ ಗಡುಸು. ಬಿಸಿಲಿಗೆ, ತೇವಕ್ಕೆ ಟೈಲ್ಸ್ ಕೂದಲೆಳೆಯಷ್ಟು ಹಿಗ್ಗುತ್ತದೆ. ಅಡಿಯಲ್ಲಿ ಹಿಡಿತ ಇಲ್ಲದಿದ್ದಾಗ, ಪಕ್ಕದಲ್ಲಿ ಸಂದು ಬಿಡದೆ ಒತ್ತಿ ಕೂರಿಸಿದ್ದಾಗ, ಹಿಗ್ಗಲು ಜಾಗ ಸಿಗದೆ ಮೇಲಕ್ಕೇ ಏಳುತ್ತದೆ.

ಮೊದಲು ಪರೀಕ್ಷೆ ಮಾಡಿ

ಎಲ್ಲ ಹಳೆ ನೆಲವನ್ನೂ ಕಿತ್ತು ಹಾಕಿ ಅಂತ ನಾವು ಹೇಳುತ್ತಿಲ್ಲ. ಕೀಳಬೇಕೋ ಬೇಡವೋ ಅಂತ ತಿಳಿಯಲು ಮನೆಯಲ್ಲೇ ಮಾಡಬಹುದಾದ ಮೂರು ಪರೀಕ್ಷೆಗಳಿವೆ.

1. ತಟ್ಟಿ ನೋಡುವುದು: ಮರದ ಕೋಲಿನಿಂದಲೋ ನಾಣ್ಯದಿಂದಲೋ ನೆಲವನ್ನು ಮೂಲೆಯಿಂದ ಮೂಲೆಗೆ ತಟ್ಟುತ್ತಾ ಹೋಗಿ. ಗಟ್ಟಿ ಶಬ್ದ ಬಂದರೆ ಹಿಡಿತ ಇದೆ. ಮಡಕೆ ತಟ್ಟಿದ ಹಾಗೆ ಟೊಳ್ಳು ಶಬ್ದ ಬಂದ ಕಡೆ ಸೀಮೆಸುಣ್ಣದ ಗುರುತು ಹಾಕಿ.

2. ನೀರು ಚಿಮುಕಿಸುವುದು: ನೆಲದ ಮೇಲೆ ನಾಲ್ಕು ಹನಿ ನೀರು ಹಾಕಿ. ನೆಲ ಹೀರಿಕೊಂಡರೆ ಹೊಸ ಗಾರೆಯೂ ಹಿಡಿಯುತ್ತದೆ. ಕೆಸುವಿನ ಎಲೆಯ ಮೇಲಿನ ಹಾಗೆ ನೀರು ಉರುಳಿದರೆ ಅಲ್ಲಿ ಗಮ್ಮು, ಎಣ್ಣೆ ಅಥವಾ ಮೇಣ ಇದೆ ಎಂದರ್ಥ.

3. ತೇವದ ಪರೀಕ್ಷೆ: ಒಂದೂವರೆ ಅಡಿ ಉದ್ದ, ಅಷ್ಟೇ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಒಂದು ಹಗಲು, ಒಂದು ರಾತ್ರಿ ಬಿಟ್ಟು ತೆಗೆಯಿರಿ. ಅಡಿಯಲ್ಲಿ ನೀರಿನ ಹನಿ ಕೂತಿದ್ದರೆ ನೆಲದೊಳಗಿಂದ ತೇವ ಏರುತ್ತಿದೆ. ತೇವ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ಸರಿಮಾಡದೆ ಯಾವ ನೆಲ ಹಾಕಿದರೂ ಪ್ರಯೋಜನ ಇಲ್ಲ.

ಹಳೇ ಟೈಲ್ಸ್ ಗಟ್ಟಿಯಾಗಿ ಹಿಡಿದಿದ್ದರೆ, ನೆಲ ಮಟ್ಟವಾಗಿದ್ದರೆ, ಅದರ ಮೇಲೇ ಹೊಸ ಟೈಲ್ಸ್ ಹಾಕಬಹುದು. ಆದರೆ ಬರೀ ಸಿಮೆಂಟ್ ಸಾಲದು, ಅದಕ್ಕೆಂದೇ ಬರುವ ಟೈಲ್ಸ್ ಅಂಟನ್ನೇ ಬಳಸಬೇಕು. ನೆಲ ಅರ್ಧ ಇಂಚಿಗಿಂತ ಹೆಚ್ಚು ಏರುತ್ತದೆ ಎಂಬುದೂ ನೆನಪಿರಲಿ. ಬಾಗಿಲು ತೆರೆಯುತ್ತದೆಯೇ, ಬಚ್ಚಲಿನ ನೀರು ಒಳಕ್ಕೆ ಬರುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ.

ಕೆಂಪು ಕಾವಿಯ ನೆಲ ಇರುವವರಿಗೆ ಒಂದು ಮಾತು. ರೆಡ್ ಆಕ್ಸೈಡ್ ಹಾಕಿ ನುಣುಪು ಮಾಡಿದ ಆ ನೆಲ ಗಟ್ಟಿಯಾಗಿದ್ದರೆ ದಯವಿಟ್ಟು ಕೀಳಬೇಡಿ. ಚೆನ್ನಾಗಿ ತೊಳೆದು ಒಣಗಿಸಿ, ಕೊಬ್ಬರಿ ಎಣ್ಣೆ ಒಂದಿಷ್ಟೇ ಬಟ್ಟೆಗೆ ಹಾಕಿ ತಿಕ್ಕಿ, ಒಣ ಬಟ್ಟೆಯಿಂದ ಒರೆಸಿದರೆ ಮತ್ತೆ ಹೊಳೆಯುತ್ತದೆ. ಮಾಡದೆ ಉಳಿಸಿದ ಸಾಲವೂ ಉಳಿತಾಯವೇ ಅಲ್ಲವೇ?

ಮ್ಯಾಟ್ ಮತ್ತು ಗಮ್ಮು ತೆಗೆಯುವುದು

ಎರಡನೇ ಸಲ ಆ ಅಕ್ಕನ ಮನೆಯಲ್ಲಿ ನಾವೂ ಕೆಲಸಕ್ಕೆ ಇಳಿದೆವು. ಹೊಸ ಟೈಲ್ಸ್, ಗಾರೆ ಎಲ್ಲ ತೆಗೆದ ಮೇಲೆ ಅಡಿಯಲ್ಲಿ ಹಳದಿ ಗಮ್ಮು ಹಾಗೇ ಇತ್ತು. ಒಳಕೋಣೆಯಲ್ಲಿ ಹಳೇ ಮ್ಯಾಟೂ ಉಳಿದಿತ್ತು. ಆಗ ಕಲಿತದ್ದು ಇಷ್ಟು.

ಮ್ಯಾಟನ್ನು ಇಡಿಯಾಗಿ ಎಳೆಯಬಾರದು. ಒಂದು ಅಡಿ ಅಗಲದ ಪಟ್ಟಿಗಳಾಗಿ ಚಾಕುವಿನಿಂದ ಕತ್ತರಿಸಿಕೊಳ್ಳಬೇಕು. ಚಾಕು ಯಾವಾಗಲೂ ನಮ್ಮ ಮೈಯಿಂದ ಆಚೆಗೆ ಹೋಗಬೇಕು. ಮೂಲೆಯಿಂದ ಎಬ್ಬಿಸಿ ನಿಧಾನ ಎಳೆದರೆ ಗಮ್ಮೂ ಸ್ವಲ್ಪ ಅದರ ಜೊತೆಗೇ ಬರುತ್ತದೆ.

ಉಳಿದ ಗಮ್ಮಿನ ಜಾತಿ ತಿಳಿಯಲು ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಒಂದು ಜಾಗದಲ್ಲಿ ಹತ್ತು ಹದಿನೈದು ನಿಮಿಷ ಹಾಸಿಡಿ. ಮೆತ್ತಗಾಗಿ ಬೆಳ್ಳಗೆ ಬಿಟ್ಟುಕೊಂಡರೆ ಅದು ನೀರಿನ ಗಮ್ಮು. ಹಾಗೇ ಬಟ್ಟೆ ಹಾಸುತ್ತಾ ಕೆರೆಯುವ ಪಟ್ಟಿಯಿಂದ ಕೆರೆದರೆ ಹೋಗುತ್ತದೆ. ಬಿಸಿನೀರಿಗೆ ಜಗ್ಗದೆ, ಕೆರೆದಾಗ ಉಂಡೆ ಉಂಡೆಯಾಗಿ ಸುತ್ತಿಕೊಂಡರೆ ಅದು ರಬ್ಬರ್ ಗಮ್ಮು. ಅದಕ್ಕೆ ಹರಿತ ಪಟ್ಟಿ ಮತ್ತು ತಾಳ್ಮೆ, ಎರಡೇ ದಾರಿ. ಕೊನೆಗೂ ಉಳಿದ ತೆಳು ಪದರವನ್ನು ಉಳಿಯಿಂದ ಒತ್ತೊತ್ತಾಗಿ ಕಚ್ಚು ಹಾಕಿ, ಅಡಿಯ ಸಿಮೆಂಟ್ ಕಾಣುವ ಹಾಗೆ ಮೇಸ್ತ್ರಿಯಿಂದ ಕೊಚ್ಚಿಸಬೇಕು. ಆಮೇಲೆ ಮತ್ತೆ ನೀರಿನ ಪರೀಕ್ಷೆ. ನೆಲ ನೀರು ಹೀರಬೇಕು, ಅಲ್ಲಿಯವರೆಗೆ ಟೈಲ್ಸಿನ ಡಬ್ಬ ಬಿಚ್ಚಬೇಡಿ.

ಇಲ್ಲಿ ಮೂರು ಎಚ್ಚರಿಕೆ ಹೇಳಲೇಬೇಕು.

ಒಂದು, ಗಮ್ಮು ತೆಗೆಯಲು ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಸುರಿಯಬೇಡಿ. ಪೆಟ್ರೋಲ್, ಥಿನ್ನರುಗಳ ಆವಿ ಗಾಳಿಗಿಂತ ಭಾರ. ನೆಲದ ಮೇಲೇ ಹರಡಿ ಪಕ್ಕದ ಕೋಣೆಯ ಒಲೆಯವರೆಗೂ ಹೋಗಿ ಬೆಂಕಿ ಹಿಡಿಯಬಲ್ಲದು. ಸೀಮೆಎಣ್ಣೆಯ ಜಿಡ್ಡು ನೆಲದಲ್ಲೇ ಉಳಿದು ಹೊಸ ಗಾರೆಯನ್ನೂ ಹಿಡಿಯಲು ಬಿಡುವುದಿಲ್ಲ.

ಎರಡು, ಕಿತ್ತ ಮ್ಯಾಟನ್ನು ಬಚ್ಚಲ ಒಲೆಗೆ ಹಾಕಬೇಡಿ. ಅದು ಪಿವಿಸಿ ಪ್ಲಾಸ್ಟಿಕ್. ಸುಟ್ಟರೆ ಕಣ್ಣು, ಶ್ವಾಸಕೋಶ ಸುಡುವ ಆಮ್ಲದ ಹೊಗೆಯೂ ಡಯಾಕ್ಸಿನ್ ಎಂಬ ವಿಷವೂ ಬರುತ್ತದೆ. ಪಂಚಾಯಿತಿಯ ಒಣಕಸದ ಗಾಡಿಯವರನ್ನು ಕೇಳಿ ಕೊಡಿ.

ಮೂರು, ಹಳೆಯ ಕಚೇರಿ, ಶಾಲೆ, ಆಸ್ಪತ್ರೆ ಕಟ್ಟಡಗಳಲ್ಲಿ ಕಲ್ಲಿನಷ್ಟು ಗಡುಸಾದ, ಬಾಗಿಸಿದರೆ ಮುರಿಯುವ ಪ್ಲಾಸ್ಟಿಕ್ ಟೈಲ್ಸ್ ಇರುತ್ತವೆ. ಆ ಕಾಲದ ಇಂಥ ಟೈಲ್ಸುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಬೆರೆಸಿ ಮಾಡಿದವೂ ಇದ್ದವು. ಅದರ ನೂಲಿನಂಥ ಧೂಳು ಶ್ವಾಸಕೋಶದಲ್ಲಿ ಕೂತರೆ ಎಷ್ಟೋ ವರ್ಷಗಳ ನಂತರ ಕ್ಯಾನ್ಸರ್ ಬರಬಹುದು. ಸಂಘದ ಕಚೇರಿಗೆಂದು ಯಾರಾದರೂ ಹಳೇ ಕಟ್ಟಡ ಬಿಟ್ಟುಕೊಟ್ಟರೆ, ಅಂಥ ಟೈಲ್ಸನ್ನು ಒಡೆಯಲು, ಉಜ್ಜಲು ಹೋಗಬೇಡಿ. ಗೊತ್ತಿರುವ ಇಂಜಿನಿಯರನ್ನು ಕೇಳಿ. ಅಲುಗಾಡದೆ ಇದ್ದರೆ ಹಾಗೇ ಬಿಟ್ಟು ಮೇಲೆ ಮುಚ್ಚುವುದೇ ಮೇಲು.

ಟೈಲ್ಸ್ ಮತ್ತು ಗಾರೆ ಕೀಳುವುದು

ಟೈಲ್ಸ್ ಕೀಳುವ ಮುಂಚೆ ಆ ಕೋಣೆಯ ಕರೆಂಟ್ ಆಫ್ ಮಾಡಿ. ನೆಲದೊಳಗೆ ವೈರಿನ ಪೈಪು, ನೀರಿನ ಪೈಪು ಎಲ್ಲಿ ಹೋಗಿದೆ ಅಂತ ಕೇಳಿ ಗುರುತು ಮಾಡಿ. ನೀರು ಹೋಗುವ ತೂಬಿಗೆ ಗೋಣಿ ತುರುಕಿ. ಒಡೆದ ಟೈಲ್ಸ್ ಇರುವ ಕಡೆಯಿಂದಲೋ ಗೋಡೆಯ ಬದಿಯಿಂದಲೋ ಶುರು ಮಾಡಿ, ಉಳಿಯನ್ನು ಓರೆಯಾಗಿ ಹಿಡಿದು ಟೈಲ್ಸಿನ ಅಡಿಗೆ ಹೊಡೆಯಬೇಕು. ನೆಟ್ಟಗೆ ಹೊಡೆದರೆ ಚೂರು ಮುಖಕ್ಕೆ ಹಾರುತ್ತದೆ. ಕಣ್ಣಿಗೆ ಕನ್ನಡಕ, ಕಾಲಿಗೆ ಶೂ ಇಲ್ಲದೆ ಯಾರೂ ಒಳಗೆ ಬರಬಾರದು. ಹವಾಯಿ ಚಪ್ಪಲಿ ಸಾಲದು, ಟೈಲ್ಸಿನ ಚೂರು ಬ್ಲೇಡಿನಷ್ಟೇ ಹರಿತ.

ಇನ್ನು ಭಾರದ ಲೆಕ್ಕ. ಹತ್ತಡಿಗೆ ಹತ್ತಡಿ ಕೋಣೆ ಅಂದರೆ ನೂರು ಚದರ ಅಡಿ. ಟೈಲ್ಸ್, ಗಾರೆ ಸೇರಿ ಎರಡು ಇಂಚು ದಪ್ಪ ಇದ್ದರೆ ಒಂದು ಚದರ ಅಡಿಗೆ ಒಂಬತ್ತು, ಹತ್ತು ಕಿಲೋ. ಇಡೀ ಕೋಣೆಗೆ ಹತ್ತಿರ ಹತ್ತಿರ ಒಂದು ಟನ್. ಇಪ್ಪತ್ತೈದು ಕಿಲೋದ ಚೀಲ ಮಾಡಿದರೆ ಸುಮಾರು ನಲವತ್ತು ಚೀಲ. ಒಂದು ಪುಟ್ಟ ಕೋಣೆಯಿಂದ ನಲವತ್ತು ಚೀಲ! ಇದನ್ನು ಹೊರುವವರು ಯಾರು, ಎಲ್ಲಿ ಹಾಕುವುದು, ಗಾಡಿಯ ಬಾಡಿಗೆ ಎಷ್ಟು? ನಮ್ಮ ಸಾಲದ ಅರ್ಜಿಯಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ.

ಹೊರುವವರು ಯಾರು?

ಸಹೋದರಿಯರೇ, ಈ ಪ್ರಶ್ನೆಗಾಗಿಯೇ ನಾವು ಇಲ್ಲಿ ಮಾತಾಡಲು ಒಪ್ಪಿದ್ದು. ಉಳಿ ಹೊಡೆಯುವವರು ಗಂಡಸರು. ಆ ನಲವತ್ತು ಚೀಲ ಹೊರುವವರು, ಕೊನೆಗೆ ಪೊರಕೆ ಹಿಡಿದು ಗುಡಿಸುವವರು ನಾವು. ನಮ್ಮ ಸಂಘದಲ್ಲೇ ಇಬ್ಬರು ಗಾರೆ ಕೆಲಸಕ್ಕೆ ಕೂಲಿ ಹೋಗುತ್ತಾರೆ.

ಮೊದಲ ದಿನ ನಾವು ಒಣ ನೆಲವನ್ನೇ ಒಡೆದೆವು. ಬಾಗಿಲು ಹಾಕಿಕೊಂಡಿದ್ದೆವು, ಧೂಳು ಆಚೆ ಮನೆಗೆ ಹೋಗದಿರಲಿ ಅಂತ. ಒಬ್ಬರ ಮುಖ ಒಬ್ಬರಿಗೆ ಕಾಣಲಿಲ್ಲ. ಸೆರಗು ಮುಚ್ಚಿಕೊಂಡಿದ್ದೆವು. ರಾತ್ರಿಯೆಲ್ಲ ಕೆಮ್ಮು. ಮಾರನೇ ದಿನ ನಮ್ಮ ಕೂಲಿ ಕೆಲಸದ ಸಹೋದರಿ ಹೇಳಿದರು: ‘ನಿಮಗೆ ಒಂದಿನಕ್ಕೇ ಹೀಗಾಯ್ತು. ನಾನು ಹದಿನಾಲ್ಕು ವರ್ಷದಿಂದ ಇದನ್ನೇ ಉಸಿರಾಡ್ತಿದೀನಿ. ಮಳೆಗಾಲದ ಕೆಮ್ಮು ಅಂತ ಅಂದ್ಕೊಂಡಿದ್ದೆ.’ ನಾವು ಅವರನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆವು. ಎದೆಯ ಎಕ್ಸರೇ ತೆಗೆದರು, ಕಫ ಪರೀಕ್ಷೆ ಮಾಡಿದರು. ಧೂಳಿನ ಕೆಲಸ ಬಿಡಬೇಕು, ಆಗಾಗ ಬಂದು ತೋರಿಸಬೇಕು ಅಂದಿದ್ದಾರೆ. ಈಗ ಅವರು ಸಂಘದ ಸಾಲದಲ್ಲಿ ಹೊಲಿಗೆ ಯಂತ್ರ ತೆಗೆದುಕೊಂಡಿದ್ದಾರೆ. ಹೊಲಿಗೆಯಲ್ಲಿ ಗಾರೆ ಕೂಲಿಯಷ್ಟು ದುಡ್ಡು ಇನ್ನೂ ಬರುತ್ತಿಲ್ಲ. ಅದೂ ನಿಜ.

ಮರಳು, ಸಿಮೆಂಟ್ ಗಾರೆ, ಕಲ್ಲು, ಟೈಲ್ಸ್ ಎಲ್ಲದರಲ್ಲೂ ಸಿಲಿಕಾ ಇರುತ್ತದೆ. ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಸೇರಿದರೆ ಸಿಲಿಕೋಸಿಸ್ ಎಂಬ ರೋಗ ಬರುತ್ತದೆ. ಅದನ್ನು ಗುಣಪಡಿಸುವ ಔಷಧ ಇಲ್ಲ. ಆ ರೋಗ ಇದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಿಲಿಕಾ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಸೆರಗು ಈ ಧೂಳನ್ನು ತಡೆಯುವುದಿಲ್ಲ. ನಾವು ನೋಡುವ ಧೂಳು ಸೆರಗಿನಲ್ಲಿ ನಿಲ್ಲುತ್ತದೆ, ಕೊಲ್ಲುವ ಧೂಳು ಒಳಗೆ ಹೋಗುತ್ತದೆ.

ಹಾಗಾದರೆ ಏನು ಮಾಡಬೇಕು? ಎರಡನೇ ದಿನದಿಂದ ನಾವು ಮಾಡಿದ್ದು ಇದು:

1. ಒಡೆಯುವ ಮುಂಚೆಯೂ ಒಡೆಯುವಾಗಲೂ ನೆಲಕ್ಕೆ ನೀರು ಚಿಮುಕಿಸುತ್ತಿದ್ದೆವು. ಕೆಸರಾಗುವಷ್ಟು ಸುರಿಯಬಾರದು, ಧೂಳು ಏಳದಷ್ಟು ಸಾಕು. ಕರೆಂಟಿನ ಯಂತ್ರದಿಂದ ಒಡೆಯುವಾಗ ವೈರು, ಪ್ಲಗ್ಗು ನೀರಿಗೆ ತಾಗದ ಹಾಗೆ ದೂರ ಎತ್ತಿ ಕಟ್ಟಬೇಕು.

2. ಕಿಟಕಿ ಬಾಗಿಲು ತೆರೆದಿಟ್ಟೆವು. ಒಳಮನೆಯ ಬಾಗಿಲಿಗೆ ಮಾತ್ರ ಒದ್ದೆ ಸೀರೆ ಇಳಿಬಿಟ್ಟೆವು.

3. ಮೂಗು ಬಾಯಿ ಬಿಗಿಯಾಗಿ ಮುಚ್ಚುವ ಎನ್-95 ಮಾಸ್ಕ್ ಎಲ್ಲರಿಗೂ ತಂದೆವು.

4. ಒಣ ಪೊರಕೆ ಮುಟ್ಟಲಿಲ್ಲ. ನೀರು ಚಿಮುಕಿಸಿ ಬಳಿದು, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿದೆವು.

5. ಚೀಲಕ್ಕೆ ಅರ್ಧ ಮಾತ್ರ ತುಂಬಿ ಇಬ್ಬರು ಹಿಡಿದು ಹೊತ್ತೆವು.

6. ಗರ್ಭಿಣಿಯರು, ಮಕ್ಕಳು, ದಮ್ಮು ಇರುವ ಅಜ್ಜಿಯನ್ನು ಆ ಮೂರು ದಿನ ಪಕ್ಕದ ಮನೆಗೆ ಕಳಿಸಿದೆವು.

7. ಮನೆಗೆ ಹೋಗುವ ಮುಂಚೆ ಕೈ ಮುಖ ತೊಳೆದು, ಕೆಲಸದ ಸೀರೆಯನ್ನು ಬೇರೆ ನೆನೆಹಾಕಿದೆವು. ಹಸಿ ಸಿಮೆಂಟ್ ಮುಟ್ಟುವಾಗ ಕೈಗವಸು ಹಾಕಿದೆವು, ಅದು ಚರ್ಮವನ್ನು ಸುಡುತ್ತದೆ.

ಕಿತ್ತ ಗಾರೆಯನ್ನು ರಸ್ತೆ ಬದಿಗೂ ಚರಂಡಿಗೂ ಸುರಿಯಲಿಲ್ಲ. ಗಮ್ಮು ಹತ್ತದ ಗಟ್ಟಿ ಚೂರುಗಳು ಅಂಗಳದ ತಗ್ಗು ತುಂಬಲು ಬಂದವು. ಉಳಿದದ್ದನ್ನು ಪಂಚಾಯಿತಿ ತೋರಿಸಿದ ಜಾಗಕ್ಕೆ ಸಾಗಿಸಿದೆವು. ನೆಲ ಪೂರ್ತಿ ಶುಚಿಯಾದ ಮೇಲೆ ರಸಮಟ್ಟ ಇಟ್ಟು ನೋಡಿ, ತಗ್ಗು ಬಿರುಕು ತುಂಬಿಸಿ, ಆಮೇಲೆ ಟೈಲ್ಸ್ ಕೂರಿಸಿದರು. ಈ ಸಲ ಸಂದು ಬಿಟ್ಟು ಕೂರಿಸಿದರು. ಎರಡು ಮಳೆಗಾಲ ಕಳೆಯಿತು. ತಟ್ಟಿ ನೋಡಿದರೆ ಗಟ್ಟಿ ಶಬ್ದವೇ ಬರುತ್ತದೆ.

ಸಂಘದಲ್ಲಿ ನಾವು ಮಾಡಿಕೊಂಡ ಠರಾವು

ಈ ಅನುಭವದ ನಂತರ ನಮ್ಮ ಸಂಘದಲ್ಲಿ ಕೆಲವು ತೀರ್ಮಾನ ಮಾಡಿದ್ದೇವೆ. ನಿಮಗೆ ಸರಿ ಕಂಡರೆ ನಿಮ್ಮ ಸಂಘದಲ್ಲೂ ಚರ್ಚಿಸಿ.

ನೆಲಕ್ಕಾಗಿ ಸಾಲ ಕೇಳಿದವರ ಮನೆಗೆ ಮೊದಲು ಇಬ್ಬರು ಸದಸ್ಯೆಯರು ಹೋಗಿ ಮೂರು ಪರೀಕ್ಷೆ ಮಾಡಿ ಬರುತ್ತಾರೆ. ಅರ್ಜಿಯಲ್ಲಿ ಟೈಲ್ಸಿನ ದರದ ಜೊತೆಗೆ ನಾಲ್ಕು ಬಾಬ್ತು ಕಡ್ಡಾಯ: ಕೀಳುವ ಕೂಲಿ, ಸಾಗಿಸುವ ಬಾಡಿಗೆ, ಅಡಿಯ ನೆಲ ಸರಿಮಾಡುವ ಖರ್ಚು, ಮಾಸ್ಕ್ ಕನ್ನಡಕದ ಖರ್ಚು. ಇವೆಲ್ಲ ಸೇರಿಸಿದಾಗ ಸಾಲ ಕೈಮೀರಿದರೆ ಒಂದು ಕೋಣೆ ಮಾತ್ರ ಮಾಡೋಣ, ಸರಿಯಾಗಿ ಮಾಡೋಣ. ಕನ್ನಡಕ, ಕೈಗವಸು, ಕೆರೆಯುವ ಪಟ್ಟಿಗಳನ್ನು ಸಂಘದ ಹಣದಲ್ಲಿ ಕೊಂಡು ಒಂದು ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಬೇಕಾದವರು ಸಹಿ ಹಾಕಿ ಒಯ್ಯಬಹುದು. ಮಾಸ್ಕ್ ಮಾತ್ರ ಪ್ರತಿ ಸಲ ಹೊಸದು.

ಗಾರೆ ಕೆಲಸಕ್ಕೆ ಹೋಗುವ ಸಹೋದರಿಯರಿಗೆ ಇನ್ನೊಂದು ಮಾತು. 1996ರ ಕೇಂದ್ರ ಕಾಯ್ದೆಯ ಫಲವಾಗಿ ಆರಂಭವಾದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ನಮ್ಮ ರಾಜ್ಯದಲ್ಲೂ ಇದೆ. 18ರಿಂದ 60 ವರ್ಷದೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿದವರು ಹೆಸರು ನೋಂದಾಯಿಸಬಹುದು. ಚೀಲ ಹೊರುವುದೂ ಕಟ್ಟಡ ಕೆಲಸವೇ. ‘ನಾನು ಬರೀ ಹೆಲ್ಪರ್’ ಅಂತ ಹಿಂದೆ ಸರಿಯಬೇಡಿ. ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ, ಒಬ್ಬರೇ ಹೋಗಲು ಹಿಂಜರಿದರೆ ಸಂಘದವರು ಜೊತೆಗೆ ಬರುತ್ತೇವೆ.

ಕೊನೆಯದಾಗಿ, ಹೊಸ ನೆಲವನ್ನು ನೆಂಟರು ನೋಡುತ್ತಾರೆ, ಮೆಚ್ಚುತ್ತಾರೆ. ಅಡಿಯ ನೆಲವನ್ನು ಯಾರೂ ನೋಡುವುದಿಲ್ಲ. ಆದರೆ ಕಂತು ಕಟ್ಟಿ ಮುಗಿಯುವ ತನಕ ಮೇಲಿನ ನೆಲ ಉಳಿಯುತ್ತದೋ ಇಲ್ಲವೋ ಅನ್ನುವುದನ್ನು ನಿರ್ಧರಿಸುವುದು ಅದೇ. ಮುಂದಿನ ಸಲ ನಿಮ್ಮ ಸಂಘದಲ್ಲಿ ಯಾರಾದರೂ ‘ಟೈಲ್ಸ್ ಹಾಕಿಸ್ತೀವಿ’ ಅಂದರೆ ಎರಡು ಪ್ರಶ್ನೆ ಮರೆಯದೆ ಕೇಳಿ: ‘ಹಳೇದನ್ನ ಏನು ಮಾಡ್ತೀರಿ? ಅದನ್ನ ಹೊರೋರು ಯಾರು?’